ಬಾಗಿಲು ಹಾಕಿದ್ದನ್ನು ನಂಬದ ಮಷೀನು

ಹೊಟ್ಟೆ ತುಂಬಿದ ಗಂಡಸಿನಿಂದ ಯಾವ ಮಾತನ್ನಾದರೂ ಪಡೆಯಬಹುದು ಎಂಬುದನ್ನು ಹೆಂಗಸರು ಎಲ್ಲಿ ಕಲಿಯುತ್ತಾರೋ ನನಗೆ ತಿಳಿಯದು. ನಾನಂತೂ ಜೀವನದಲ್ಲಿ ಕೊಟ್ಟ ದೊಡ್ಡ ಮಾತುಗಳನ್ನೆಲ್ಲ ಊಟವಾದ ಮೇಲೆಯೇ ಕೊಟ್ಟಿದ್ದೇನೆ. ಬಟ್ಟೆ ಒಗೆಯುವ ಮಷೀನಿನ ಮಾತು ಬಂದದ್ದೂ ಒಂದು ಹಬ್ಬದ ಮಧ್ಯಾಹ್ನ, ತುಪ್ಪ ಸುರಿದ ಹೋಳಿಗೆ ತಿಂದು ನಾನು ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ. “ಮಷೀನ್ ತಂದ್ರ ಅದನ್ನ ನೋಡ್ಕೊಳ್ಳೋರು ಯಾರು?” ಎಂದಳು ನನ್ನ ಹೆಂಡತಿ ಗಿರಿಜಾ. “ನಾ ಅದೀನಲ್ಲ” ಎಂದೆ. “ಅರಿವಿ ಹಾಕೋದು, ತಗಿಯೋದು, ಒಣಾಕೋದು?” “ಎಲ್ಲಾ ನಂದ.” “ಮಷೀನ್ ಕೆಟ್ಟ್ರ?” “ಕೆಟ್ಟ್ರ ಕಲ್ಲಿನ ಮುಂದ ಕುಂತು ನಾನ ಒಗೀತೀನಿ. ನೀ ಚಿಂತಿ ಬಿಡು.” ಅವಳು ಚಿಂತೆಯನ್ನು ಆಗಲೇ ಬಿಟ್ಟಳು. ನಾನು ಮಾತ್ರ ಆ ಮಾತನ್ನು ಮರೆತು ಮಲಗಿಬಿಟ್ಟೆ.

ಆ ಕಲ್ಲಿನ ವಿಷಯ ಹೇಳಬೇಕು. ಕುಷ್ಟಗಿಯ ನಮ್ಮ ಬಾಡಿಗೆ ಮನೆಯನ್ನು ಕಟ್ಟಿದ ಪುಣ್ಯಾತ್ಮ ಬಟ್ಟೆ ಒಗೆಯುವ ಕಲ್ಲನ್ನು ಹಿತ್ತಲಿನಲ್ಲಿ ಹಾಕದೆ ಮನೆಯ ಮುಂದೆ, ಓಣಿಗೆ ಮುಖ ಮಾಡಿ ಹಾಕಿಸಿದ್ದಾನೆ. ಬಸ್ ಸ್ಟ್ಯಾಂಡಿಗೆ ಹೋಗುವವರು, ಸಂತೆಗೆ ಹೋಗುವವರು, ನಮ್ಮ ಆಫೀಸಿನ ಜವಾನರು, ಎಲ್ಲರಿಗೂ ಅದೇ ದಾರಿ. ಅಲ್ಲಿ ಕೂತು ಒಬ್ಬ ಸರಕಾರಿ ಗುಮಾಸ್ತ ಲಂಗ ಕುಸುಬುವುದನ್ನು ಊಹಿಸಿಕೊಳ್ಳಿ. ಮಷೀನು ಬಂದ ಮೇಲೆ ಆ ಭಯವೂ ಹೋಯಿತು. ಬಟ್ಟೆ ತುಂಬುವುದು, ಗುಂಡಿ ಒತ್ತುವುದು, ಕೈ ಹಿಂದೆ ಕಟ್ಟಿಕೊಂಡು ತಪಾಸಣೆಗೆ ಬಂದ ಸಾಹೇಬರ ಹಾಗೆ ಅದರ ಮುಂದೆ ನಿಲ್ಲುವುದು, ಇಷ್ಟೇ ನನ್ನ ಕೆಲಸ. ಆದರೆ ಆಫೀಸಿನಲ್ಲಿ ಮಾತ್ರ, “ಇವತ್ತು ಮನೆಮಂದಿಯ ಬಟ್ಟೆಯನ್ನೆಲ್ಲ ಒಗೆದು ಬಂದೆ ನೋಡ್ರಿ” ಎಂದು ಸುಸ್ತಾದವನಂತೆ ಕುರ್ಚಿಗೆ ಕುಸಿಯುತ್ತಿದ್ದೆ. ಸುದ್ದಿ ಸಹೋದ್ಯೋಗಿಗಳ ಹೆಂಡಂದಿರವರೆಗೂ ಹೋಗಿ, ಅವರು ನನ್ನನ್ನು ಉದಾಹರಣೆಯಾಗಿ ಬಳಸತೊಡಗಿದ ಮೇಲೆ ಆಫೀಸಿನಲ್ಲಿ ನನಗೆ ಚಹಾ ಕೊಡಿಸುವವರೇ ಇಲ್ಲವಾದರು.

ಇಷ್ಟು ಸುಖವಾಗಿದ್ದಾಗ ದಸರೆ ಬಂದು ಹೋಯಿತು. ಹನುಮಸಾಗರದಿಂದ, ಕುಕನೂರಿನಿಂದ ಬಂದ ಬೀಗರು ಉಂಡು, ಹರಟಿ, ನಮ್ಮ ಹಾಸಿಗೆ ಹೊದಿಕೆಗಳನ್ನೆಲ್ಲ ಕೊಳೆ ಮಾಡಿ ಬಸ್ಸು ಹತ್ತಿದರು. ಅಂದು ನಳಕ್ಕೆ ನೀರು ಬಿಡುವ ದಿನ. ತಪ್ಪಿದರೆ ಮತ್ತೆ ಯಾವಾಗಲೋ ದೇವರೇ ಬಲ್ಲ. ನಾನು ಶಿಳ್ಳೆ ಹಾಕುತ್ತ ಚಾದರಗಳನ್ನು ಮಷೀನಿಗೆ ತುರುಕಿ, ಬಾಗಿಲು ಹಾಕಿ, ಗುಂಡಿ ಒತ್ತಿದೆ. ಅದು ಕುಂಯ್ ಅಂದಿತು. ಬಾಗಿಲಿನ ಚಿತ್ರದ ಪಕ್ಕದ ಕೆಂಪು ದೀಪ ಮಿಟುಕಿತು. ಬಾಗಿಲು ತೆಗೆದು ಮತ್ತೆ ಹಾಕಿದೆ. ಮತ್ತೆ ಕುಂಯ್. ಮಷೀನಿನ ಜೊತೆ ಬಂದಿದ್ದ ಪುಸ್ತಕ ತೆಗೆದು ನೋಡಿದರೆ, “ಬಾಗಿಲು ಮುಚ್ಚಿಲ್ಲ, ಬಾಗಿಲು ಮುಚ್ಚಿರಿ” ಎಂದಿತ್ತು. ಕಣ್ಣೆದುರಿಗೆ ಮುಚ್ಚಿದ ಬಾಗಿಲನ್ನು ಮುಚ್ಚಿಲ್ಲ ಎನ್ನುವವರ ಜೊತೆ ವಾದ ಮಾಡುವುದು ಹೇಗೆ? ಮೊಣಕಾಲಿನಿಂದ ಒತ್ತಿದೆ, ಬೆನ್ನು ಕೊಟ್ಟು ಒತ್ತಿದೆ, ಕೊನೆಗೆ ಕೆನ್ನೆ ಸವರಿದಂತೆ ಸವರಿಯೂ ನೋಡಿದೆ. ಆಫೀಸಿನಲ್ಲಾದರೆ ನಿಂತುಹೋದ ಯಾವುದೇ ಕೆಲಸವನ್ನು “ಮುಂದಿನ ಕ್ರಮಕ್ಕಾಗಿ” ಎಂದು ಬರೆದು ಮೇಲಿನವರಿಗೆ ಕಳಿಸುತ್ತೇನೆ. ಮನೆಯಲ್ಲಿ ನನ್ನ ಮೇಲಿರುವವಳು ಗಿರಿಜಾ ಒಬ್ಬಳೇ. ಅವಳು ಬಾಗಿಲಲ್ಲಿ ನಿಂತು, “ಕಲ್ಲು ತೊಳದು ಇಡ್ಲೇನ್ರಿ?” ಎಂದು ಕೇಳಿದಳು. ಆ ದನಿಯಲ್ಲಿದ್ದ ಮೃದುತ್ವ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಗದ್ದಲ ಕೇಳಿ ಪಕ್ಕದ ಮನೆಯ ಶರಣಪ್ಪನವರು ಬಂದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. “ಬಾಗಿಲಾ ಏನ್ರಿ ಸರ? ನನ್ನ ಸರ್ವಿಸೆಲ್ಲಾ ಬಾಗಿಲದಾಗ ಹೋಗೈತಿ. ಬಾಗಿಲಕ್ಕ ಮರ್ಯಾದಿ ಕೊಟ್ಟ್ರ ಅದು ಹಾಕ್ಕೊಳ್ಳೂದಿಲ್ಲ. ನೀವು ಅತ್ತಾಗ ಸರೀರಿ” ಎಂದು, ಯಲಬುರ್ಗಾ ಗಾಡಿಯ ಬಾಗಿಲೆಂದೇ ತಿಳಿದು ಎಳೆದು ಬಡಿದರು. ಮೇಲಿನ ಹಲಗೆಯಿಂದ ಸೋಪಿನ ಪುಡಿಯ ಡಬ್ಬಿ ಬಿದ್ದು ನಾವಿಬ್ಬರೂ ಬೆಳ್ಳಗಾದೆವು. “ರೈಟ್!” ಎಂದು ಕೂಗಿದರು ಶರಣಪ್ಪನವರು, ಅಭ್ಯಾಸಬಲದಿಂದ. ಗಾಡಿ ಹೊರಡಲಿಲ್ಲ. “ಇದನ್ನ ಡಿಪೋಕ್ಕ ಒಯ್ಯಬೇಕ್ರಿ ಸರ” ಎಂದು ಸೀನುತ್ತ ಮನೆಗೆ ಹೋದರು.

ಓಣಿಯ ಕಲ್ಲು ನನಗಾಗಿ ಕಾಯುತ್ತಿತ್ತು. ಮಾನ ಉಳಿಸಿಕೊಳ್ಳುವ ಹಟದಲ್ಲಿ ನಾನು ಪ್ಲಗ್ಗು ಕಿತ್ತು, ನೆಲಕ್ಕೆ ಕೂತು, ಬಾಗಿಲನ್ನು ಮೊದಲ ಸಲ ಕಣ್ಣಿಟ್ಟು ನೋಡಿದೆ. ಬಾಗಿಲಿಗೊಂದು ಕೊಂಡಿ, ಅದರೆದುರು ಮಷೀನಿನ ಮೈಯಲ್ಲೊಂದು ಕಿಂಡಿ. ಕೊಂಡಿ ಕಿಂಡಿಯೊಳಗೆ ಹೋಗಿ ಅಲ್ಲಿರುವ ಸ್ವಿಚ್ಚನ್ನು ಒತ್ತಿದರೆ ಮಾತ್ರ ಮಷೀನಿಗೆ ನಂಬಿಕೆ ಬರುವುದು. ಕಿಂಡಿಯಲ್ಲಿ ಏನೋ ಅಡ್ಡವಿತ್ತು. ಗಿರಿಜಾಳ ತಲೆಪಿನ್ನಿನಿಂದ ಎಳೆದೆ. ಬನ್ನಿ ಮರದ ಒಣಗಿದ ಎಲೆಯೆಸಳು ಹೊರಬಂತು.

ಅದನ್ನು ಅಲ್ಲಿಟ್ಟವನು ನಾನೇ. ನಮ್ಮ ಕಡೆ ದಸರೆಯ ಸಂಜೆ ಹಿರಿಯರ ಕೈಗೆ ಬನ್ನಿ ಕೊಟ್ಟು, ಕಾಲಿಗೆ ಬಿದ್ದು, “ಬನ್ನಿ ತಗೊಂಡು ಬಂಗಾರದಂಗ ಇರೋಣು” ಅನ್ನುತ್ತೇವೆ. ಇಟಗಿ ಹತ್ತಿರದ ನಮ್ಮೂರಲ್ಲಿ ಅಪ್ಪ ಮನುಷ್ಯರಿಗಷ್ಟೇ ಕೊಟ್ಟು ಸುಮ್ಮನಾಗುತ್ತಿರಲಿಲ್ಲ. ದುಡಿದವರಿಗೆಲ್ಲ ಸಲ್ಲಬೇಕೆಂದು ಎತ್ತಿಗೆ, ಕೂರಿಗೆಗೆ, ಬಾವಿಯ ಪಂಪ್‌ಸೆಟ್ಟಿಗೂ ಬನ್ನಿ ಮುಡಿಸುತ್ತಿದ್ದ. ಆ ಸಂಸ್ಕಾರದಲ್ಲಿ ಬೆಳೆದ ನಾನು ನನ್ನ ಮಾನ ಕಾಯುತ್ತಿದ್ದ ಮಷೀನನ್ನು ಬಿಡುತ್ತೇನೆಯೇ? ತಲೆಯ ಮೇಲಿಟ್ಟರೆ ನುಣ್ಣಗಿದ್ದುದರಿಂದ ಜಾರಿ ಬೀಳುತ್ತಿತ್ತು. ಬಾಗಿಲು ತೆಗೆದು ನೋಡಿದರೆ, ಇದಕ್ಕೆಂದೇ ಮಾಡಿದಂಥ ಚೆಂದದ ಕಿಂಡಿ. ಭಕ್ತಿಯಿಂದ ಸಿಕ್ಕಿಸಿ ಕೈ ಮುಗಿದಿದ್ದೆ.

ಅಷ್ಟರಲ್ಲಿ ಗಿರಿಜಾಳ ಹೆಜ್ಜೆಯ ಸಪ್ಪಳ. ಬೇರೆ ದಾರಿ ಕಾಣದೆ ಎಸಳನ್ನು ಬಾಯಿಗೆ ಹಾಕಿಕೊಂಡೆ. ಅದಕ್ಕೊಂದು ಮುಳ್ಳಿತ್ತು. “ಏನು ತಿನ್ನಾಕತ್ತೀರಿ?” “ಲವಂಗ.” “ಲವಂಗ ತಿಂದ್ರ ಕಣ್ಣಾಗ ನೀರ್ ಯಾಕ?” “ಭಾಳ ಖಾರ ಐತಿ.” ಹಾಗೆಂದು ಪ್ಲಗ್ಗು ಹಾಕಿ, ಬಾಗಿಲು ಹಾಕಿ, ಗುಂಡಿ ಒತ್ತಿದೆ. ಮಷೀನು ಗುರ್ರೆಂದು ತಿರುಗಿತು! ಕುಣಿದಾಡುವಷ್ಟು ಸಂತೋಷವಾಯಿತು. ಅಲ್ಲಿಗೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. “ಒಳಗ ಡೋರ್ ಸ್ವಿಚ್ ಸಡಿಲಾಗಿತ್ತು. ರಿಪೇರಿ ಮಾಡಿದೆ” ಎಂದೆ. “ಎಲ್ಲಿ ಕಲ್ತ್ರಿ?” ಎಂದು ಅವಳು ಬೆರಗಿನಿಂದ ಕೇಳಿದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. “ಇದಕ್ಕ ಕಲಿಯೋದೇನೈತಿ? ತಲಿ ಬೇಕು” ಎಂದೆ.

ಶರಣಪ್ಪನವರು ಆ ತಲೆಯ ಕೀರ್ತಿಯನ್ನು ಓಣಿಯ ತುಂಬ ಹಂಚಿದರು. ಮುಂದಿನ ಸಲ ನೀರು ಬಂದ ದಿನ ಅವರ ಹೆಂಡತಿ ಕಾಶವ್ವ ಬೆಳಗಾಗುತ್ತಲೇ ಬಂದು, “ಸರ, ನಮ್ಮ ಮಷೀನೂ ಕುಂಯ್ ಅನ್ನಾಕತ್ತೈತಿ. ಸ್ವಲ್ಪ ಬಂದು ನೋಡ್ರಿ” ಎಂದರು. ಹೋದೆ. ಗಿರಿಜಾ ನನ್ನ ಪ್ರತಾಪ ನೋಡಲು ಜೊತೆಗೇ ಬಂದಳು. ನೇರವಾಗಿ ಕಿಂಡಿಗೆ ಪಿನ್ನು ಹಾಕಿದೆ. ಒಳಗೆ ಏನೂ ಇರಲಿಲ್ಲ. ನನಗೆ ಗೊತ್ತಿದ್ದ ವಿದ್ಯೆ ಅಲ್ಲಿಗೆ ಮುಗಿಯಿತು. ಆದರೆ ಮೂರು ಜೊತೆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. “ಹಾಂ, ಸ್ವಿಚ್ ಸತ್ತೈತಿ” ಎಂದು ಗಂಭೀರವಾಗಿ ಹೇಳಿ, ಸ್ಕ್ರೂ ಬಿಚ್ಚಿ ಅದನ್ನು ಹೊರಗೆಳೆದೆ. ಪರೀಕ್ಷೆ ಮಾಡಬೇಕಲ್ಲ? ನಮ್ಮ ಮನೆಗೆ ಓಡಿ ನಮ್ಮ ಮಷೀನಿನ ಸ್ವಿಚ್ಚನ್ನೂ ಬಿಚ್ಚಿ ತಂದೆ. ನೋಡಲು ಎರಡೂ ಅಣ್ಣತಮ್ಮಂದಿರಂತೆ ಕಂಡವು, ಅವರ ಮಷೀನಿಗೆ ಕೂಡಿಸಲು ಹೋದರೆ ನಮ್ಮದು ಕೂಡಲಿಲ್ಲ. ಶರಣಪ್ಪನವರು, “ಮರ್ಯಾದಿ ಕೊಡಬ್ಯಾಡ್ರಿ ಸರ, ಒತ್ರಿ” ಎಂದರು. ಒತ್ತಿದೆ. ಪಟ್ ಎಂದು ನಮ್ಮದು ಎರಡು ತುಂಡಾಯಿತು. ಅವರದು ಮೊದಲೇ ಸತ್ತಿತ್ತು. ಕೊಪ್ಪಳದ ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ, “ಸಾಮಾನ ಬರಬೇಕ್ರಿ, ಬಂದ ಮ್ಯಾಲ ಬರ್ತೀನಿ” ಎಂದ.

ಗಿರಿಜಾ ಮನೆಗೆ ಹೋಗಿ ಕಲ್ಲು ತೊಳೆದಿಟ್ಟಳು. ನಮ್ಮ ಬಟ್ಟೆ ಒಗೆಯುವುದು ನಾನು ಕೊಟ್ಟ ಮಾತು. ಕಾಶವ್ವನ ಮನೆಯ ಬಟ್ಟೆ ಒಗೆಯುವುದು ನನ್ನ ತಲೆ ಮಾಡಿದ ಕೆಲಸ. ಎರಡು ಮನೆಗಳ ಗಂಟುಗಳ ನಡುವೆ, ಲುಂಗಿ ಮೇಲೆತ್ತಿ ಕಟ್ಟಿ, ಓಣಿಗೆ ಮುಖ ಮಾಡಿ ಕೂತೆ. ಬಸ್ ಸ್ಟ್ಯಾಂಡಿಗೆ ಹೊರಟಿದ್ದ ನಮ್ಮ ಆಫೀಸಿನ ಜವಾನ ಸೈಕಲ್ಲಿನಿಂದ ಇಳಿದೇ ನಮಸ್ಕಾರ ಮಾಡಿದ. ಕಾಶವ್ವ ಕಟ್ಟೆಯ ಮೇಲೆ ಕೂತು, ಭಾಳ ಸಂಕೋಚದಿಂದಲೇ, “ಸರ, ಯಜಮಾನರ ಅಂಗಿ ಕಾಲರ್ ಇನ್ನೊಂದು ಸಲ ತಿಕ್ರಿ” ಎನ್ನುತ್ತಿದ್ದರು. ಅದೇ ಹೊತ್ತಿಗೆ ಮೂಲೆಮನೆಯಲ್ಲಿರುವ ಕನ್ನಡ ಶಾಲೆಯ ಟೀಚರು, ಓಣಿಗೆಲ್ಲ ಅಕ್ಕೋರು, ಬಂದು, “ನೀವು ಮಷೀನ್ ರಿಪೇರಿ ಮಾಡ್ತೀರಂತ ಕೇಳಿದೆ ಸರ. ನಮ್ಮನಿ ಮಷೀನ್ ಯಾಕೋ ಸಪ್ಪಳ ಮಾಡ್ತೈತಿ” ಎಂದರು. ನಾನು ನೊರೆಗೈಯಿಂದ ಹಣೆ ಒರೆಸಿಕೊಳ್ಳುತ್ತಿರುವಾಗ ಗಿರಿಜಾ ಒಳಗಿನಿಂದ ಕೂಗಿದಳು: “ಮಷೀನ್ ಯಾಕ ಬಿಚ್ಚಸ್ತೀರಿ ಅಕ್ಕೋರ, ಸುಮ್ನ ಸೀದಾ ಅರಿವೀನ ತಂದ್ಬಿಡ್ರಿ!”

ಓಣಿಯೆಲ್ಲ ನಕ್ಕಿತು. ನಾಚಿಕೆಯಿಂದ ತಲೆ ತಗ್ಗಿಸಿದಾಗ ಶರಣಪ್ಪನವರ ಕಾಲರು ಕಣ್ಣಿಗೆ ಬಿತ್ತು. ಎಂಥ ಬಿಳುಪು! ಮಷೀನಿನಿಂದ ಅದು ಆಗುವ ಕೆಲಸವೇ ಅಲ್ಲ. “ಇದಕ್ಕ ಕಲಿಯೋದೇನೈತ್ರಿ ಅಕ್ಕೋರ,” ಎಂದು ಅಂಗಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ, “ತಲಿ ಬೇಕು.”