ಐದು ಡಾಲರಿನ ಕುರ್ಚಿ

ಮಂಗಳವಾರ ಬೆಳಗ್ಗೆ ಮರ್ಲ್ ಟಕೆಟ್ ಎರಡನೆಯ ಲೋಟ ಕಾಫಿ ಬೇಡ ಅಂದಿದ್ದರೆ ಮುಂದಿನ ರಾಮಾಯಣ ಯಾವುದೂ ನಡೆಯುತ್ತಿರಲಿಲ್ಲ. ಅವನು ಬೇಡ ಅನ್ನಲಿಲ್ಲ. ಅದರ ಜೊತೆಗೆ, ರಕ್ತದೊತ್ತಡಕ್ಕೆಂದು ಡಾಕ್ಟರು ಬರೆದುಕೊಟ್ಟಿದ್ದ, ಕುಡಿದ ನೀರನ್ನೆಲ್ಲ ಹೊರಗಟ್ಟುವ ಮಾತ್ರೆಯನ್ನೂ ನುಂಗಿದ.

ಹೆಂಡತಿ ನೋರೀನ್ ಬಾಗಿಲಿಗೆ ಅಡ್ಡ ನಿಂತಳು.

"ಮೂರು ಗಂಟೆಗೆ ಗ್ಲೆಂಡಾ ವಿಮಾನ ಇಳೀತಾಳೆ. ಇರೋದು ಒಂದೇ ಕಾರು, ಅದು ನಿನ್ನ ಹತ್ರ ಇರತ್ತೆ. ಎರಡಕ್ಕೆ ಮನೇಲಿರ್ಬೇಕು. ಬರ್ತಾ ಆಲೂಗಡ್ಡೆ ಸಲಾಡ್ ತಗೊಂಡು ಬಾ."

"ಹನ್ನೆರಡೂವರೆಗೇ ಬಂದ್ಬಿಡ್ತೀನಿ ಕಣೇ."

"ಹೋದ ಸಲಾನೂ ಇದನ್ನೇ ಹೇಳಿದ್ದೆ."

ಗ್ಲೆಂಡಾ ಎಂದರೆ ನೋರೀನಳ ಅಕ್ಕ. ಮರ್ಲ್‌ನನ್ನು ಕಟ್ಟಿಕೊಂಡದ್ದು ತಂಗಿಯ ಜೀವನದ ದೊಡ್ಡ ತಪ್ಪು ಎಂದು ಮದುವೆಯ ದಿನವೇ ಕೇಕ್ ಕತ್ತರಿಸುವ ಮೊದಲು ಹೇಳಿದವಳು, ಈ ಮೂವತ್ತಾರು ವರ್ಷಗಳಲ್ಲಿ ಮಾತು ಬದಲಿಸಿರಲಿಲ್ಲ.

ಮರ್ಲ್ ಲಾಸ್ ವೇಗಸ್‌ನಲ್ಲಿ ಇನ್ನೊಬ್ಬರ ಮನೆಯ ಈಜುಕೊಳಗಳನ್ನು ತೊಳೆದು ತೊಳೆದು ನಿವೃತ್ತನಾದವನು. ಕುಡಿತವಿಲ್ಲ, ಸಿಗರೇಟಿಲ್ಲ. ಇದ್ದ ಒಂದೇ ಚಟವೆಂದರೆ ಮಂಗಳವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ, ಕಿಸೆಯಲ್ಲಿ ನಲವತ್ತು ಡಾಲರ್ ಇಟ್ಟುಕೊಂಡು, ಬೌಲ್ಡರ್ ಹೆದ್ದಾರಿಯ 'ಕಾಪರ್ ಮ್ಯೂಲ್' ಕ್ಯಾಸಿನೊದಲ್ಲಿ ಐದು ಡಾಲರಿನ ಬ್ಲ್ಯಾಕ್‌ಜಾಕ್ ಆಡುವುದು. ಇಸ್ಪೀಟ್ ಎಲೆಗಳ ಮೊತ್ತ ಇಪ್ಪತ್ತೊಂದಕ್ಕೆ ಹತ್ತಿರವಾಗಬೇಕು, ದಾಟಬಾರದು, ಇಷ್ಟೇ ಆಟ. ಹತ್ತೊಂಬತ್ತು ವರ್ಷದಿಂದ ಅದೇ ಮೇಜು, ಅದೇ ಕೊನೆಯ ಕುರ್ಚಿ.

ಆ ಹತ್ತೊಂಬತ್ತು ವರ್ಷಗಳಲ್ಲಿ ಕಾಪರ್ ಮ್ಯೂಲ್ ಕೊಟ್ಟಿದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು. ಮೊದಲು ಎರಡು ಡಾಲರಿನ ತಿಂಡಿ ನಿಂತಿತು. ಆಮೇಲೆ ಕಾರು ನಿಲ್ಲಿಸುವುದಕ್ಕೆ ಹಣ ಕೇಳಿದರು. ಮೊದಲೆರಡು ಎಲೆಗಳಲ್ಲೇ ಎಕ್ಕ ಮತ್ತು ರಾಜ ಜೊತೆಯಾಗಿ ಬಂದರೆ ಹತ್ತು ಡಾಲರಿಗೆ ಹದಿನೈದು ಕೊಡುತ್ತಿದ್ದವರು ಇವನ ಮೇಜು ಬಿಟ್ಟು ಉಳಿದ ಮೇಜುಗಳಲ್ಲೆಲ್ಲ ಹನ್ನೆರಡು ಕೊಡತೊಡಗಿದರು. ಎಲೆಗಳನ್ನು ಕೈಯಲ್ಲಿ ಕಲೆಸುವುದು ಹೋಗಿ, ಸದಾ ಗರಗರ ಎನ್ನುತ್ತ ತಾನೇ ಕಲೆಸುವ ಕಪ್ಪು ಪೆಟ್ಟಿಗೆ ಬಂತು. ಪ್ರತಿ ಸಲವೂ ಗೋಡೆಗೆ ಒಂದು ಕಾಗದ ಅಂಟಿಸುತ್ತಿದ್ದರು: 'ನಿಮಗೆ ಇನ್ನೂ ಉತ್ತಮ ಸೇವೆ ನೀಡುವ ಸಲುವಾಗಿ.' ಇಂಥ ಉತ್ತಮ ಸೇವೆ ಇನ್ನು ನಾಲ್ಕು ವರ್ಷ ನಡೆದರೆ ನಮ್ಮೂರಿನ ಮುದುಕರು ಬಾಗಿಲಲ್ಲೇ ದುಡ್ಡು ಕೊಟ್ಟು ಮನೆಗೆ ಹೋಗಬಹುದು.

ಆ ಮಂಗಳವಾರ ಮೇಜಿನಲ್ಲಿ ಮೂವರಿದ್ದರು. ಮರ್ಲ್, ಬಿಂಗೊ ಚೀಟಿ ಮಾರಿ ನಿವೃತ್ತಳಾದ ಬೆವ್ ಓಸ್ಟ್ರಾಂಡರ್, ಹೋಟೆಲಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ ಹೆಕ್ಟರ್ ಬರೇಲಾ. ಎಲೆ ಹಂಚುವವಳು ಮನಿಲಾ ಕಡೆಯ ಲಿಗಾಯಾ. ಮರ್ಲ್ ಎಂದಿನಂತೆ ತನ್ನ ಸದಸ್ಯರ ಕಾರ್ಡನ್ನು ಮುಂದೆ ತಳ್ಳಿದ. ಆ ಕಾರ್ಡಿನ ಮೇಲಿದ್ದದ್ದು ನೋರೀನ್ ಟಕೆಟ್ ಎಂಬ ಹೆಸರು. ಹಿಂದೊಮ್ಮೆ ಹೊಸದಾಗಿ ಸೇರುವ ಹೆಂಗಸರಿಗೆ ಟೋಸ್ಟರ್ ಉಚಿತವೆಂದು ಸಾರಿದ್ದರು. ಮರ್ಲ್ ಹೆಂಡತಿಗೆ ತಿಳಿಸದೆ ಅವಳ ಹೆಸರಲ್ಲಿ ಸೇರಿ, ಟೋಸ್ಟರನ್ನು ಅವಳಿಗೇ ಹುಟ್ಟುಹಬ್ಬದ ಉಡುಗೊರೆ ಕೊಟ್ಟಿದ್ದ.

ಹನ್ನೊಂದಕ್ಕೆ ಸೂಪರ್‌ವೈಸರ್ ಗ್ಯಾರೆಟ್ ಬಂದ. ವಯಸ್ಸು ಇಪ್ಪತ್ತೆಂಟು, ತಲೆಗೆ ಧಾರಾಳ ಜೆಲ್, ಕೈಯಲ್ಲಿ ಅಂಗೈಯಗಲದ ಫಲಕ. ಐದು ಎಂದಿದ್ದ ಹಳೆಯ ಫಲಕ ಕಿತ್ತು ಇಪ್ಪತ್ತೈದು ಎಂಬುದನ್ನು ನೆಟ್ಟ.

"ಗಾಬರಿ ಆಗ್ಬೇಡಿ," ಎಂದು ಜೇಬಿನಿಂದ ಸುತ್ತೋಲೆ ತೆಗೆದ. "ನಿಮಗೆ ಇನ್ನೂ ಉತ್ತಮ ಸೇವೆ ನೀಡೋ ಸಲುವಾಗಿ ಇವತ್ತಿಂದ ಕನಿಷ್ಠ ಇಪ್ಪತ್ತೈದು. ಆದ್ರೆ ಈಗ ಕೂತಿರೋರಿಗೆ ಹಳೇ ದರಾನೇ. ಇಷ್ಟೇ ಅಲ್ಲ, ನಾಲ್ಕು ಗಂಟೆಗೆ ಪಾಳಿ ಬದಲಾಗೋವರ್ಗೂ ಎದ್ದೇಳದೆ ಆಡಿದೋರ ಹೆಸರು 'ಹಳೆಯ ಅತಿಥಿ' ಅಂತ ಬರ್ಕೋತೀವಿ. ಅವರಿಗೆ ಪ್ರತಿ ಮಂಗಳವಾರ ಐದೇ ಡಾಲರು, ಬದುಕಿರೋವರ್ಗೂ."

"ಎದ್ರೆ?" ಎಂದಳು ಬೆವ್.

"ಆಟ ನಡೀತಿರೋವಾಗ ಎದ್ರೆ ಇಪ್ಪತ್ತೈದು. ಸತತ ಮೂರು ಆಟ ತಪ್ಪಿಸಿದ್ರೂ ಎದ್ದ ಹಾಗೇನೇ."

ಐದು ಗಂಟೆ ಹೊತ್ತು ಯಾವ ಮುದುಕ ಎದ್ದೇಳದೆ ಕೂತಾನು ಎಂಬ ಲೆಕ್ಕದಲ್ಲಿ ಬರೆದ ಸುತ್ತೋಲೆ ಅದು. ಬರೆದವನಿಗೆ ವಯಸ್ಸಾದ ಅಪ್ಪ ಇದ್ದಿರಬೇಕು.

ಮರ್ಲ್ ಲೆಕ್ಕ ಹಾಕಿದ. ಒಂದೇಟಿಗೆ ಇಪ್ಪತ್ತೈದು ಹಾಕಿದರೆ ಅವನ ಇಡೀ ಮಂಗಳವಾರ ಒಂದೇ ಆಟಕ್ಕೆ ಮುಗಿಯುತ್ತದೆ. ಆಮೇಲೆ ಸಾಯುವವರೆಗೂ ಮಂಗಳವಾರ ಮನೆಯಲ್ಲಿ ಕೂತು ನೋರೀನಳ ಪಕ್ಕ ಬಟಾಣಿ ಸುಲಿಯಬೇಕು. ಅವನು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಹತ್ತು ನಿಮಿಷದಲ್ಲಿ ಹೆಕ್ಟರನ ಫೋನು ಬಡಿದುಕೊಂಡಿತು. ಬಿಗಿ ಪ್ಯಾಂಟಿನ ಹಿಂಜೇಬಿನಿಂದ ಅದನ್ನು ಎಳೆಯಲು ಅವನು ಅಭ್ಯಾಸಬಲದಿಂದ ಎದ್ದು ನಿಂತ.

"ಎದ್ರಿ," ಎಂದ ಗ್ಯಾರೆಟ್.

"ಅಯ್ಯೋ, ಫೋನ್ ತೆಗೀತಿದ್ದೆ ಮಾರಾಯ!"

"ಎದ್ದೇ ತೆಗೆದ್ರಲ್ಲ."

ಫೋನು ಮಾಡಿದ್ದು ವಿಮೆ ಮಾರುವವನು. ಹೆಕ್ಟರ್ ಅವನಿಗೆ ಸ್ಪ್ಯಾನಿಶ್‌ನಲ್ಲಿ ಬೈದದ್ದನ್ನು ಕೇಳಿ ಲಿಗಾಯಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಬೆವ್ ತಂದ ದುಡ್ಡೆಲ್ಲ ಕರಗಿ ಅವಳೂ ಎದ್ದಳು. ಉಳಿದವನು ಮರ್ಲ್ ಒಬ್ಬನೇ.

ಹನ್ನೆರಡೂವರೆ ದಾಟಿತು, ಒಂದೂ ದಾಟಿತು. ಸುದ್ದಿ ಕ್ಯಾಸಿನೊ ತುಂಬ ಹಬ್ಬಿತು. ಬಿಂಗೊ ಕೋಣೆಯವರು, ಊಟದ ಸಾಲಿನವರು, ಗಾಲಿಕುರ್ಚಿಯವರು, ಎಲ್ಲರೂ ಬಂದು ಮೇಜನ್ನು ಸುತ್ತುವರಿದರು. ಮರ್ಲ್ ಹತ್ತೊಂಬತ್ತು ವರ್ಷದಲ್ಲಿ ಕಾಣದಷ್ಟು ಗೆಳೆಯರನ್ನು ಒಂದೇ ಗಂಟೆಯಲ್ಲಿ ಕಂಡ.

"ನಮ್ಮ ಕಾಲ ಹೋಯ್ತು ಮರ್ಲ್, ನೀನೊಬ್ಬನಾದ್ರೂ ಉಳ್ಕೋ," ಎಂದು ಬೆವ್ ಅವನ ಹೆಗಲು ತಿಕ್ಕಿದಳು. "ಗಂಟಲು ಒಣಗಿರ್ಬೇಕು. ಯಾರಾದ್ರೂ ನಿಂಬೆ ಷರಬತ್ತು ತನ್ನಿ!"

ಷರಬತ್ತು ಬಂತು. ಬೇಡವೆಂದರೆ ನೊಂದುಕೊಂಡಾರೆಂದು ಕುಡಿದ. ಹಿಂದೆಯೇ ಹೆಕ್ಟರ್ ಕೋಳಿ ಸೂಪು ತಂದ. ಇನ್ನೊಬ್ಬಾಕೆ ಕಲ್ಲಂಗಡಿ ತಂದಳು. ಒಣಗಿದ ತಿಂಡಿ ಎಂಬುದೊಂದು ಜಗತ್ತಿನಲ್ಲಿದೆ ಎಂದು ಆ ಜನಕ್ಕೆ ಯಾರೂ ಹೇಳಿದಂತಿರಲಿಲ್ಲ.

ಬೆಳಗಿನ ಮಾತ್ರೆ ಅಷ್ಟರಲ್ಲಿ ತನ್ನ ಕೆಲಸ ಶುರುಮಾಡಿತ್ತು. ಮರ್ಲ್ ಮೊದಲು ಕಾಲ ಮೇಲೆ ಕಾಲು ಹಾಕಿದ. ಆಮೇಲೆ ಕಾಲು ಬದಲಿಸಿದ. ಒಂದೂವರೆಯ ಹೊತ್ತಿಗೆ ಅವನಿಗೆ ಬದಲಿಸಲು ಬೇರೆ ಕಾಲು ಇರಲಿಲ್ಲ.

"ಲಿಗಾಯಾ," ಎಂದ ಮೆಲ್ಲಗೆ, "ಎಲೆ ಕಲೆಸೋದು ಯಾವಾಗ?" ಹಿಂದೆಲ್ಲ ಅವಳು ಕೈಯಲ್ಲಿ ಕಲೆಸುವ ಹೊತ್ತಿಗೆ ಆಟವೇ ನಿಲ್ಲುತ್ತಿತ್ತು, ಎಲ್ಲರೂ ಹೋಗಿ ಬರುತ್ತಿದ್ದರು.

ಅವಳು ಮರುಕದಿಂದ ಕಪ್ಪು ಪೆಟ್ಟಿಗೆ ತೋರಿಸಿದಳು. "ಇದು ಕಲೆಸ್ತಾನೇ ಇರತ್ತೆ ಸರ್ ಮರ್ಲ್. ಇದಕ್ಕೆ ಬಾತ್‌ರೂಮ್ ಬೇಡವಲ್ಲ."

ಪಾಪ, ಮೂರು ಆಟ ಮುಗಿಯುವುದರೊಳಗೆ ಅವನು ಹೋಗಿಬರಲೆಂದು ಅವಳು ಕೈಲಾದದ್ದು ಮಾಡಿದಳು. ಒಂದೊಂದು ಎಲೆಯನ್ನೂ ಮಲಗಿದ ಮಗುವಿಗೆ ಹೊದಿಸುವಷ್ಟು ನಿಧಾನವಾಗಿ ಇಟ್ಟಳು. ಹೆಕ್ಟರ್ ಗಡಿಯಾರ ಹಿಡಿದು ಶೌಚಾಲಯದವರೆಗೆ ಹೋಗಿ ಓಡುತ್ತ ಬಂದ.

"ಹೋಗಿ ಬರಕ್ಕೆ ನಾಲ್ಕು ನಿಮಿಷ," ಎಂದು ಏದುಸಿರು ಬಿಟ್ಟ. "ಅದೂ ಅಲ್ಲಿ ಏನೂ ಮಾಡ್ದೆ."

"ಎರಡು ನಿಮಿಷ ನಾನು ಕೂತಿರ್ತೀನಿ," ಎಂದಳು ಬೆವ್.

ಗ್ಯಾರೆಟ್ ಸುತ್ತೋಲೆ ನೋಡಿದ. "ಕಾರ್ಡಲ್ಲಿ ಹೆಸರಿರೋರು ಮಾತ್ರ ಕೂರಬಹುದು ಮೇಡಂ." ಅವನು ಕಂಪ್ಯೂಟರ್ ಪರದೆಯ ಕಡೆ ಕಣ್ಣು ಹಾಯಿಸಿ, ಟಕೆಟ್ ಎಂಬುದನ್ನಷ್ಟೇ ಓದಿ ತಲೆಯಾಡಿಸಿದ.

ಎರಡೂವರೆಗೆ ನೋರೀನಳ ಫೋನು ಬಂತು. ಮರ್ಲ್ ಕೂತಲ್ಲೇ, ಅಂಗಿಯ ಜೇಬಿನಿಂದ ತೆಗೆದ.

"ಎಲ್ಲಿದ್ದೀಯಾ?"

"ದಾರೀಲಿ. ವಿಪರೀತ ಟ್ರಾಫಿಕ್ಕು."

ಹಿಂದೆ ಒಂದು ಯಂತ್ರ ಟಿಂಗ್ ಟಿಂಗ್ ಎಂದು ಹಾಡಿತು. ಯಾರೋ "ಇನ್ನೊಂದು ಎಲೆ ತಗೋ ಮರ್ಲ್!" ಎಂದು ಕೂಗಿದರು.

"ಅಲ್ಲೇ ಇರು," ಎಂದಳು ನೋರೀನ್. ಅವಳು ಹೇಳದಿದ್ದರೂ ಅವನು ಅಲ್ಲೇ ಇರುತ್ತಿದ್ದ.

ಮೂರಾಗುವುದಕ್ಕೂ ಪಕ್ಕದ ಮನೆಯವರ ಕಾರಿನಲ್ಲಿ ಅವಳು ಬಂದಿಳಿಯುವುದಕ್ಕೂ ಸರಿಹೋಯಿತು. ಅಕ್ಕನನ್ನು ಎದುರುಗೊಳ್ಳಲೆಂದು ಒಳ್ಳೆಯ ನೀಲಿ ಗೌನು ಹಾಕಿದ್ದಳು, ಕಾಲಲ್ಲಿ ಮಾತ್ರ ಮನೆಯ ಚಪ್ಪಲಿ. ಜನ ತಾವಾಗಿಯೇ ದಾರಿ ಬಿಟ್ಟರು.

"ಮರ್ಲ್ ಟಕೆಟ್! ನಮ್ಮಕ್ಕ ವಿಮಾನ ನಿಲ್ದಾಣದಲ್ಲಿ ಮೂರು ಪೆಟ್ಟಿಗೆ ಇಟ್ಕೊಂಡು ನಿಂತಿರ್ತಾಳೆ! ಏಳು ಮೇಲೆ!"

"ಏಳಬೇಡ!" ಎಂದು ಮೂವತ್ತು ಮಂದಿ ಒಟ್ಟಿಗೆ ಕೂಗಿದರು. ಎಲ್ಲರೂ ಒಂದೇ ಸಲಕ್ಕೆ ಕಾರಣವನ್ನೂ ವಿವರಿಸಿದ್ದರಿಂದ ಅವಳಿಗೆ ಏನೂ ತಿಳಿಯಲಿಲ್ಲ. ಅವಳು ಬಗ್ಗಿ ಗಂಡನ ಮುಖ ನೋಡಿದಳು. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು, ಕಾಲುಗಳು ಹಗ್ಗದಂತೆ ಹೆಣೆದುಕೊಂಡಿದ್ದವು.

"ನಿಂಗೆ ಅರ್ಜೆಂಟಾಗಿದೆ," ಎಂದಳು. ಸಿಟ್ಟು ಅರ್ಧ ಇಳಿಯಿತು. ಎಷ್ಟೆಂದರೂ ಮೂವತ್ತಾರು ವರ್ಷದ ಸಂಸಾರ.

ಆಗಲೇ ಮರ್ಲ್‌ನ ತಲೆಯಲ್ಲಿ ದೀಪ ಹೊತ್ತಿಕೊಂಡದ್ದು. "ಗ್ಯಾರೆಟ್! ಕಾರ್ಡು ಇವಳ ಹೆಸರಲ್ಲಿದೆ! ಓದಿ ನೋಡಪ್ಪ, ನೋರೀನ್ ಟಕೆಟ್! ಇವಳು ಕೂರಬಹುದು!"

ಗ್ಯಾರೆಟ್ ಓದಿದ, ಮತ್ತೊಮ್ಮೆ ಓದಿದ. "ಅದು ಸರಿ. ಇವರು ಕೂರಬಹುದು."

"ನನ್ನ ಹೆಸರಲ್ಲಿ ಯಾಕಿದೆ?" ಎಂದಳು ನೋರೀನ್.

"ಟೋಸ್ಟರಿಗೋಸ್ಕರ ಕಣೇ, ಆಮೇಲೆ ಹೇಳ್ತೀನಿ! ಹದಿನೇಳು ಬಂದ್ರೆ ಸುಮ್ನಿರು, ಎಲೆ ಕೇಳ್ಬೇಡ!" ಎಂದವನೇ ಅವಳನ್ನು ಕುರ್ಚಿಗೆ ತಳ್ಳಿ ಹೊರಟ. ಓಡಿದ ಎನ್ನಲಾಗದು, ಓಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಜನ ಚಪ್ಪಾಳೆ ತಟ್ಟುತ್ತ ಬೀಳ್ಕೊಟ್ಟರು.

ಹಿಂದಿರುಗುವಾಗ ಅವನಿಗೆ ಲೋಕವೇ ಹಗುರವಾಗಿ, ಸುಂದರವಾಗಿ ಕಂಡಿತು. ಗೋಡೆಯ ಮೇಲಿನ ಸುತ್ತೋಲೆ ಕೂಡ ಮುದ್ದಾಗಿ ಕಂಡಿತು. ಇನ್ನು ಮುಕ್ಕಾಲು ಗಂಟೆ ಕಳೆದರೆ ಬದುಕಿರುವವರೆಗೂ ಐದು ಡಾಲರು! ಗ್ಲೆಂಡಾ ಕಾಯಲಿ. ನೋರೀನ್ ಟ್ಯಾಕ್ಸಿಯಲ್ಲಿ ಹೋಗಿ ಕರೆತಂದರಾಯಿತು.

ಮೇಜಿನ ಬಳಿ ಹೋ ಎಂದು ಕೂಗು ಎದ್ದಿತ್ತು. ನೋರೀನಳ ಮುಂದೆ ಎಕ್ಕ, ಪಕ್ಕದಲ್ಲಿ ರಾಜ. ಬೆಳಗಿನಿಂದ ಮರ್ಲ್‌ಗೆ ಒಮ್ಮೆಯೂ ಬರದ ಜೋಡಿ! ಲಿಗಾಯಾ ಹಳೆಯ ದರದಲ್ಲಿ ಏಳೂವರೆ ಡಾಲರ್ ಎಣಿಸಿ ಇಡುತ್ತಿದ್ದಳು.

"ನೋಡ್ದಾ? ಎರಡನೇ ಸಲ ಬಂತು!" ಎಂದಳು ನೋರೀನ್. ಅವಳ ಕೆನ್ನೆ ಕೆಂಪಾಗಿತ್ತು. ಬೆವ್ ಅವಳ ಹೆಗಲು ತಿಕ್ಕುತ್ತಿದ್ದಳು.

"ಶಹಬ್ಬಾಸ್. ಈಗ ಏಳು."

"ಇರು, ಇದೊಂದು ಆಟ."

ಅದೊಂದು ಆಟ ಮುಗಿದು ಇನ್ನೂ ಮೂರು ಆಟವಾದವು. ಮರ್ಲ್ ಗ್ಯಾರೆಟ್‌ನ ಮುಖ ನೋಡಿದ.

"ಟಕೆಟ್ ಸರ್," ಎಂದ ಗ್ಯಾರೆಟ್ ವಿನಯದಿಂದ, "ಕಾರ್ಡಿನ ಒಡತಿ ಅವರು, ಕುರ್ಚೀನೂ ಅವರದ್ದೇ. ನಿಮ್ಮ ಹೆಸರಲ್ಲಿ ನಮ್ಮಲ್ಲಿ ಕಾರ್ಡೇ ಇಲ್ಲ. ನೀವು ಹೊಸ ಗಿರಾಕಿ, ಅಂದ್ರೆ ಇಪ್ಪತ್ತೈದು."

"ಹತ್ತೊಂಬತ್ತು ವರ್ಷ ಬಂದಿದ್ದೀನಪ್ಪಾ ನಾನು!"

"ಕಂಪ್ಯೂಟರ್ ಪ್ರಕಾರ ಅವರು ಬಂದಿದ್ದಾರೆ ಸರ್."

ಮರ್ಲ್ ಜನರ ಕಡೆ ತಿರುಗಿದ. ಮಧ್ಯಾಹ್ನದಿಂದ ಅವನಿಗೆ ಸೂಪು ಕುಡಿಸಿದ್ದ ಜನ. ಹೆಕ್ಟರ್ ಆಗಲೇ ನೋರೀನಳಿಗೆ ಷರಬತ್ತು ಹಿಡಿದು ನಿಂತಿದ್ದ.

"ಕಾರಿನ ಕೀಲಿ ನಿನ್ನ ಹತ್ರಾನೇ ಇದೆಯಲ್ಲ, ಹೋಗಿ ಗ್ಲೆಂಡಾನ ಕರ್ಕೊಂಡು ಬಾ," ಎಂದಳು ನೋರೀನ್, ಎಲೆಗಳಿಂದ ಕಣ್ಣು ತೆಗೆಯದೆ. "ಸಲಾಡ್ ಮರೀಬೇಡ."

ವಿಮಾನ ನಿಲ್ದಾಣದಲ್ಲಿ ಗ್ಲೆಂಡಾ ಮೂರು ಪೆಟ್ಟಿಗೆ ಇಟ್ಟುಕೊಂಡು ಬಿಸಿಲಲ್ಲಿ ನಿಂತಿದ್ದಳು. ಕಾರು ಹತ್ತಿದ ಮೇಲೆ ಕೇಳಿದಳು, "ನೋರೀನ್ ಎಲ್ಲಿ?"

"ಕ್ಯಾಸಿನೊದಲ್ಲಿ ಎಲೆ ಆಡ್ತಿದ್ದಾಳೆ."

ಗ್ಲೆಂಡಾ ಅವನನ್ನು ದಿಟ್ಟಿಸಿದಳು. "ಪಾಪ, ನನ್ನ ತಂಗಿ. ಎಲ್ಲಾ ನಿನ್ನ ಸಹವಾಸ."

ನಾಲ್ಕು ಗಂಟೆ ಐದು ನಿಮಿಷಕ್ಕೆ ಫೋನು ಬಂತು. ನೋರೀನಳ ದನಿಯ ಹಿಂದೆ ಚಪ್ಪಾಳೆ ಕೇಳುತ್ತಿತ್ತು.

"ಮರ್ಲ್! ನನ್ನ ಹೆಸರು ಬರ್ಕೊಂಡ್ರು! ಪ್ರತಿ ಮಂಗಳವಾರ, ಬದುಕಿರೋವರ್ಗೂ!"

"ಒಳ್ಳೇದಾಯ್ತು," ಎಂದ ಮರ್ಲ್.

"ಬೇಜಾರು ಮಾಡ್ಕೋಬೇಡ. ಬರೋ ಮಂಗಳವಾರದಿಂದ ನೀನೂ ಬಾ. ಗ್ಯಾರೆಟ್ ಹತ್ರ ಮಾತಾಡಿದ್ದೀನಿ, ಕಾರ್ಡಿಗೆ ನಿನ್ನ ಹೆಸರೂ ಸೇರಿಸ್ತಾರೆ."

ಮರ್ಲ್‌ಗೆ ಹೋದ ಜೀವ ಬಂದಂತಾಯಿತು. "ನಿಜವಾಗ್ಲೂ? ನಾನೂ ಕೂರಬಹುದಾ?"

"ಮತ್ತೆ? ಇಷ್ಟೆಲ್ಲಾ ಷರಬತ್ತು ಕುಡಿಸ್ತಾರೆ," ಎಂದಳು ನೋರೀನ್. "ನಾನು ಬಾತ್‌ರೂಮಿಗೆ ಹೋಗಿ ಬರೋವರ್ಗೂ ಕುರ್ಚೀಲಿ ಯಾರಾದ್ರೂ ಕೂತಿರ್ಬೇಕಲ್ಲ."