ಹಲಗೂರಿಂದ ಬ್ಲಫ್‌ವರೆಗೆ, ಸುಮ್ಮನೆ

ತೊಂದರೆ ಶುರುವಾದದ್ದು ಒಂದೇ ಒಂದು ಮಾತಿನಿಂದ. 'ಸುಮ್ನೆ.'

ಸ್ವರೂಪ ಅಷ್ಟು ಮಾತನ್ನೂ ಆಡುವವನಲ್ಲ. ಮಳವಳ್ಳಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ದಿನವಿಡೀ 'ಸದ್ದು ಮಾಡಬೇಡಿ' ಎಂಬ ಫಲಕದ ಕೆಳಗೆ ಕೂತು ಕೂತು ಆ ಫಲಕವನ್ನು ಮನೆಗೂ ಹೊತ್ತು ತರುತ್ತಾನೆ ಎಂಬುದು ಹೆಂಡತಿ ನಯನಳ ದೂರು. ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೆ ತಲೆಯಾಡಿಸುತ್ತಾನೆ. ಅದೂ ಸಾಕೆಂದೋ ಸಾಲದೆಂದೋ ತಿಳಿಯದ ಹಾಗೆ. ಆರು ವರ್ಷ ಸಹಿಸಿದ ಅವಳು ಶನಿವಾರ ಖಡಾಖಂಡಿತವಾಗಿ ಹೇಳಿದ್ದಳು.

"ನಾಳೆ ಗುಡ್ಡಕ್ಕೆ ಹೋಗಿ. ಎಷ್ಟ್ ಬೇಕೋ ಅಷ್ಟು ಬಾಯಿ ಮುಚ್ಕೊಂಡಿದ್ದು ಬನ್ನಿ. ಆದ್ರೆ ಸಂಜೆ ಆರಕ್ಕೆ ನನ್ನೆದುರು ಕೂತು ಒಂದು ಗಂಟೆ ಮಾತಾಡ್ಬೇಕು. ಇಲ್ಲಾಂದ್ರೆ ನಾನು ಹಲಗೂರಿಗೆ ಅಮ್ಮನ ಮನೆಗೆ ಹೊರಟೆ. ಕರೆಯೋಕೆ ಬಂದ್ರೂ ಬರಲ್ಲ."

ಒಂದು ಗಂಟೆ! ಏನು ಮಾತಾಡುವುದು? ನಡೆಯುತ್ತ ಯೋಚಿಸೋಣವೆಂದು ಸ್ವರೂಪ ಫೋನನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು, ಗೆಳೆಯರಾದ ಸಂತೋಷ್ ಮತ್ತು ರಾಜೇಂದ್ರನ ಜೊತೆ ಬೆಳಗಿನ ಬಸ್ಸಿಗೆ ಹಲಗೂರಿನಲ್ಲಿ ಇಳಿದ. ಅಲ್ಲಿಂದ ಗುಡ್ಡದ ದಾರಿ ಹಿಡಿದು, ಜಲಪಾತದ ಬಳಿಯ ಊರಾದ ಬ್ಲಫ್‌ವರೆಗೆ ಕಾಲ್ನಡಿಗೆ. ಇಪ್ಪತ್ತು ಕಿಲೋಮೀಟರಿಗೂ ಮೇಲೆ. ಮಳೆ ಸಣ್ಣಗೆ, ಜರಡಿ ಹಿಡಿದ ಹಾಗೆ ಬೀಳುತ್ತಿತ್ತು.

ಅರ್ಧ ಮೈಲಿ ಆಗಿಲ್ಲ, ಮಳೆಗೆ ಗೊಬ್ಬರದ ಚೀಲವನ್ನು ತಲೆಯ ಮೇಲೆ ಕೊಪ್ಪೆ ಹಾಕಿಕೊಂಡ ಬೋರಯ್ಯ ಎಂಬ ಮುದುಕ ಮೊಪೆಡ್ ನಿಲ್ಲಿಸಿದ.

"ಯಾಕ್ರಪ್ಪಾ, ಗಾಡಿ ಕೆಟ್ಟೋಯ್ತಾ?"

"ಇಲ್ಲ," ಎಂದ ಸ್ವರೂಪ.

"ಬಸ್ಸು ತಪ್ಪೋಯ್ತಾ?"

"ಇಲ್ಲ. ಸುಮ್ನೆ ನಡೀತಿದೀವಿ."

ಬೋರಯ್ಯ ಮೂವರನ್ನೂ, ಮೇಲಿನ ಮೋಡವನ್ನೂ ನೋಡಿದ. "ಸುಮ್ನೆ ಯಾರ್ಲಾ ಮಳೇಲಿ ನಡ್ದಾರು? ಅತ್ಕಳ್ಳಿ ಒಬ್ರು."

ರಾಜೇಂದ್ರ ಆಗಲೇ ಹತ್ತಿದ್ದ. "ಮುಂದ್ಲೂರಲ್ಲಿ ಕಾಯ್ತೀನಿ ಕಣ್ರೋ," ಎಂದವನನ್ನು ಆ ದಿನ ಮತ್ತೆ ಯಾರೂ ಕಾಣಲಿಲ್ಲ.

ಒಬ್ಬ ಕಳೆದನಲ್ಲ ಎಂದು ಸ್ವರೂಪನಿಗೆ ಒಳಗೊಳಗೇ ಸಮಾಧಾನ. ಆದರೆ ಇಬ್ಬರ ಪಾಲಿನ ಮಾತನ್ನೂ ಸಂತೋಷ್ ವಹಿಸಿಕೊಂಡ. ಬೀಗರ ಜಗಳ, ಬೋರ್‌ವೆಲ್ಲಿನ ಮೋಟಾರು, ತನ್ನ ಹಲ್ಲುನೋವು. ಎರಡು ಮೈಲಿ ಹೀಗೇ ನಡೆಯಿತು. ಅಷ್ಟರಲ್ಲಿ ರೇಷ್ಮೆಗೂಡು ಇಳಿಸಿ ಖಾಲಿ ಬರುತ್ತಿದ್ದ ಗೂಡ್ಸ್ ಆಟೊ ನಿಂತಿತು. ಸಂತೋಷನೂ ಹತ್ತಿದ.

"ನೀವೂ ಬನ್ನಿ ಸಾ," ಎಂದ ಡ್ರೈವರು.

"ಬೇಡ."

"ನಮ್ಮ್ ಗಾಡಿ ಆಗಾಕಿಲ್ವಾ ನಿಮ್ಗೆ?"

"ಬೇಡ ಅಂದ್ನಲ್ಲ!"

ಡ್ರೈವರನ ಮುಖ ಸಪ್ಪಗಾಯಿತು. ಅವನನ್ನು ಸಮಾಧಾನ ಮಾಡಲೆಂದು ಸಂತೋಷ್ ಅವನ ಕಿವಿಯ ಹತ್ತಿರ ಬಗ್ಗಿದ. "ಬೇಜಾರ್ ಮಾಡ್ಕಬ್ಯಾಡ ಕಣಣ್ಣ. ಅವ್ನಿಗೆ ಮನೇಲಿ, ಹೆಂಡ್ತಿ ಜೊತೆ, ಒಸಿ..." ಎಂದು ಅಂಗೈಯನ್ನು ದೋಸೆ ಮಗುಚಿದಂತೆ ಮಗುಚಿ ತೋರಿಸಿದ. ಸ್ವರೂಪನಿಗೆ ಮಾತು ಕೇಳಿಸಲಿಲ್ಲ, ಕೈ ಮಾತ್ರ ಕಾಣಿಸಿತು. ಅವನ ರಕ್ತ ಕುದಿಯಲು ಅದೇ ಸಾಕಾಯಿತು. ಆಟೊ ಮುಂದೆ ಹೋಯಿತು. ಅದರ ಹಿಂದೆಯೇ, ಅದಕ್ಕಿಂತ ಜೋರಾಗಿ, ಸುದ್ದಿಯೂ ಹೋಯಿತು.

ಮುಂದಿನ ಊರಿನಲ್ಲಿ ದಾರಿಗಡ್ಡ ಒಬ್ಬ ಹೆಂಗಸು ನಿಂತಿದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿದ ರೀತಿ ನೋಡಿದರೆ ಟ್ರಾಕ್ಟರೂ ಪಕ್ಕಕ್ಕೆ ಸರಿಯಬೇಕು. ಬೆಳ್ಳಮ್ಮ.

"ಬಾ ಮಗಾ, ಉಂಡ್ಕಂಡ್ ಓಗು."

"ಹಸಿವಿಲ್ಲಮ್ಮ."

"ನೋಡ್ರಮ್ಮಿ," ಬೆಳ್ಳಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು, "ಊಟಾನೂ ಬುಟ್ಟವ್ನೆ!"

ಐದು ನಿಮಿಷದಲ್ಲಿ ಸ್ವರೂಪ ಅವಳ ಜಗಲಿಯ ಮೇಲೆ ಮುದ್ದೆಯ ಮುಂದೆ ಕೂತಿದ್ದ. ಸುತ್ತ ಎಂಟು ಹೆಂಗಸರು. ಅವನು ಸಿಟ್ಟಿನಲ್ಲಿ ಮುದ್ದೆ ಮುರಿದು ಹುರುಳಿ ಬಸ್ಸಾರಿಗೆ ಅದ್ದಿ ನುಂಗುತ್ತಿದ್ದರೆ ಒಬ್ಬಳು, "ಎಂಗ್ ನುಂಗ್ತಾವ್ನೆ, ದುಕ್ಕಾನೂ ಜೊತೇಲೆ ನುಂಗ್ತಾವ್ನೆ," ಎಂದು ಮೂಗು ಒರೆಸಿಕೊಂಡಳು.

"ನಿನ್ನೆಂಡ್ತಿ ಬಯ್ತಾಳಾ ಮಗಾ?"

"ನನ್ ಹೆಂಡ್ತಿ ಒಳ್ಳೇವ್ಳು."

"ಬುಟ್ಕೊಡಾಕಿಲ್ಲ ನೋಡು! ಯಾವೂರ್ಲಾ ಅವ್ಳುದು?"

"ಹಲಗೂರು," ಎಂದುಬಿಟ್ಟ. ಅಂದ ಮೇಲೆ ನಾಲಗೆ ಕಚ್ಚಿಕೊಂಡ. ಆರು ವರ್ಷ ಹೆಂಡತಿಗೇ ಬಿಡಿಸಿ ಹೇಳದ ಸಂಗತಿಗಳನ್ನು ಈ ಜಗಲಿ ಅರ್ಧ ಗಂಟೆಯಲ್ಲಿ ಬಾಯಿಂದ ಹೊರಡಿಸುವಂತಿತ್ತು. ಕೈ ತೊಳೆದವನೇ ಎದ್ದು ಓಡುನಡಿಗೆಯಲ್ಲಿ ಊರು ದಾಟಿದ.

ರಾಗಿಹೊಲಗಳು ಮುಗಿದು ಗುಡ್ಡದ ಏರು ಬಂತು. ಕುರುಚಲು ಕಾಡು, ತೊಯ್ದ ಬಂಡೆ, ಮೊಣಕಾಲಿನವರೆಗೆ ಬರುವ ಮಂಜು. ಮನುಷ್ಯನ ಸದ್ದಿಲ್ಲ. ಸ್ವರೂಪ ನಿಂತ. ಎಲೆಯಿಂದ ಎಲೆಗೆ ಹನಿ ಬೀಳುವುದು ಮಾತ್ರ ಕೇಳುತ್ತಿತ್ತು. ಎದೆಯೊಳಗಿನ ಸಿಟ್ಟು ಹಾಲಿನ ಉಕ್ಕಿನಂತೆ ತಣ್ಣಗೆ ಇಳಿಯಿತು. ನಯನಳಿಗೆ ಇದನ್ನೇ ಹೇಳಬಹುದಲ್ಲ, ಈ ಹನಿಯ ವಿಷಯ...

ಹಿಂದಿನಿಂದ ಬುರ್ ಬುರ್ ಎಂದಿತು. ಒಬ್ಬ ಮೀಸೆಯವನು ಬೈಕನ್ನು ಫಸ್ಟ್ ಗೇರಿನಲ್ಲಿ ಇಪ್ಪತ್ತು ಮಾರು ದೂರದಲ್ಲಿ ಉರುಳಿಸುತ್ತ ಬರುತ್ತಿದ್ದ. ಸ್ವರೂಪ ನಿಂತರೆ ಅವನೂ ನಿಲ್ಲುತ್ತಿದ್ದ.

"ಯಾರ್ರೀ ನೀವು?"

"ಚಿಕ್ಕಣ್ಣ. ಬೆಳ್ಳಮ್ಮನ ತಮ್ಮ. ಒಬ್ನೇ ಓಯ್ತಾವ್ನೆ, ಒಂದ್ ಕಣ್ಣಿಟ್ಟಿರು ಅಂದ್ಲು ಅಕ್ಕ. ನೀವ್ ನಡೀರಿ, ನಾನೇನ್ ಮಾತಾಡ್ಸಾಕಿಲ್ಲ."

"ವಾಪಸ್ ಹೋಗಿ."

"ಆಗಾಕಿಲ್ಲ. ಅಕ್ಕ ಬಯ್ತಾಳೆ."

ಸ್ವರೂಪ ದಾರಿ ಬಿಟ್ಟು ಬಂಡೆಯ ಮೇಲೆ ಹತ್ತಿದ. ಪಾಚಿ. ಕಾಲು ಜಾರಿತು. ಕೆಸರಿನಲ್ಲಿ ಬೆನ್ನ ಮೇಲೆ ಜಾರಿಕೊಂಡು ಸೀದಾ ಚಿಕ್ಕಣ್ಣನ ಬೈಕಿನ ಮುಂದಿನ ಚಕ್ರದ ಹತ್ತಿರ ಬಂದು ನಿಂತ. ಬಲಗಾಲಿನ ಬೂಟಿನ ತಳ ಬಾಯಿ ತೆರೆದು ನಕ್ಕಿತು. ಆಗ, ಹುಟ್ಟಿದಾಗ ಅತ್ತದ್ದು ಬಿಟ್ಟರೆ ಮೊದಲ ಬಾರಿಗೆ, ಸ್ವರೂಪ ಕಿರುಚಿದ.

"ಒಂದು ದಿನ! ಒಂದೇ ಒಂದು ದಿನ ಸುಮ್ನೆ ಇರೋಕೆ ಬಿಡ್ರೋ ನನ್ನ! ಯಾರೂ ಬೇಡ ನನಗೆ! ಯಾರೂ!"

ಗುಡ್ಡ ಅದನ್ನು ಮೂರು ಸಲ ತಿರುಗಿ ಹೇಳಿತು. ಚಿಕ್ಕಣ್ಣ ಫೋನನ್ನು ಜೇಬಿಗಿಡುತ್ತ, "ಎಲ್ಲಾ ಈಚೆ ಬಂದ್ಬುಡ್ಲಿ ಸಾ, ಒಳ್ಳೇದು," ಎಂದ. ಎಲ್ಲವೂ ಈಚೆ ಬಂದಿತ್ತು, ವಿಡಿಯೊ ಸಮೇತ. ಏರಿನ ತುದಿಯಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಚಿಕ್ಕಣ್ಣ ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. 'ಹಲಗೂರ ಅಳಿಯ, ಯಾರಾದ್ರೂ ಗುರ್ತು ಹಿಡೀರಿ.'

ಬ್ಲಫ್ ಮುಟ್ಟುವಾಗ ನಾಲ್ಕೂವರೆ. ಅಲ್ಲಿಯ ಜನರೂ ಚಹಾ ಹಿಡಿದು ಕಾಯುತ್ತಿದ್ದರು. ಬಸ್ಸಿಗೆ ಹತ್ತಿಸಿ ಕಂಡಕ್ಟರನಿಗೆ, "ಇವ್ರನ್ನ ಬಾಗಿಲ ತಾವ ಕೂರುಸ್ಬ್ಯಾಡಿ, ಎಗುರ್ಬುಟ್ಟಾರು," ಎಂದು ಒಪ್ಪಿಸಿದರು. ಸ್ವರೂಪ ಹಲ್ಲು ಕಡಿದು ಕೂತ. ಆದರೆ ಒಂದು ಲಾಭವಾಗಿತ್ತು. ಬೋರಯ್ಯ, ಆಟೊ, ಮುದ್ದೆ, ಮೀಸೆ. ಒಬ್ಬೊಬ್ಬರನ್ನೂ ಬಯ್ಯಲು ಅವನೊಳಗೆ ಮಾತು ಗಂಟಲವರೆಗೆ ತುಂಬಿತ್ತು. ಒಂದು ಗಂಟೆಯೇನು, ಎರಡು ಗಂಟೆ ಆಡುತ್ತೇನೆ ಎಂದುಕೊಂಡ.

ಐದೂಮುಕ್ಕಾಲಿಗೆ ಮನೆ ತಲುಪಿದ. ಬಾಗಿಲಿಗೆ ಬೀಗ.

ಪಕ್ಕದ ಮನೆಯ ಪದ್ಮಮ್ಮ ಓಡಿ ಬಂದರು. "ಅಯ್ಯೋ, ಬಂದ್ರಾ! ನಿಮ್ಮ ವಿಡಿಯೊ ನಿಮ್ಮತ್ತೆಗೆ ಬಂತಂತೆ, ಅವರು ನಯನಂಗೆ ಕಳಿಸಿದ್ರು. ನನ್ನಿಂದ್ಲೇ ಹೀಗಾಯ್ತು ಅಂತ ಅತ್ಕೊಂಡು ಹಲಗೂರಿಗೆ ಹೋದ್ಲು. ಯಾವ ಗಾಡೀನೂ ಹತ್ತಲ್ಲ ಅಂದ್ರಂತಲ್ಲ ನೀವು? ಅದಕ್ಕೇ ಅಮ್ಮ ಮಗಳು ನಿಮ್ಮ ಹಿಂದೇನೇ ನಡ್ಕೊಂಡು ಹೊರಟ್ರಂತೆ!"

ಸ್ವರೂಪ ಮೆಟ್ಟಿಲ ಮೇಲೆ ಕುಸಿದ. ಆರು ಹೊಡೆಯಿತು. ಸಿಟ್ಟು ಯಾವುದೋ ಭಯಕ್ಕೆ ತಿರುಗಿತು. ಏಳರ ಹೊತ್ತಿಗೆ ಚಿಕ್ಕಣ್ಣನೇ ಯಾರದೋ ಜೀಪಿನಲ್ಲಿ ಇಬ್ಬರನ್ನೂ ತಂದಿಳಿಸಿ ಹೋದ. ಅತ್ತೆ ಸಣ್ಣತಾಯಮ್ಮ ಅರ್ಧ ದಾರಿಗೇ ಬೆಳ್ಳಮ್ಮನ ಜಗಲಿಯಲ್ಲಿ ಕೂತುಬಿಟ್ಟಿದ್ದರಂತೆ, ಮುಖ ಒಣಗಿತ್ತು. ನಯನ ಮಾತ್ರ ತಲೆಯಿಂದ ಕಾಲಿನವರೆಗೆ ತೊಯ್ದಿದ್ದಳು. ಆದರೆ ಅವಳ ಮುಖದಲ್ಲಿ ಆರು ವರ್ಷದಲ್ಲಿ ಅವನು ಕಾಣದಿದ್ದ ಒಂದು ನೆಮ್ಮದಿ ಇತ್ತು.

"ನಯನಾ, ಕೂತ್ಕೋ. ಹೇಳ್ತೀನಿ ಕೇಳು," ಸ್ವರೂಪ ಎದ್ದು ನಿಂತ. "ಆ ಸಂತೋಷ್ ಇದ್ದಾನಲ್ಲ, ಅವನು..."

ಅವಳು ಮೆಲ್ಲಗೆ ಕೈಯೆತ್ತಿದಳು.

"ಬೇಡ ರೀ. ನಂಗೆ ಅರ್ಥ ಆಯ್ತು. ದಾರೀಲಿ ಯಾರೂ ನನ್ನ ಏನೂ ಕೇಳ್ಲಿಲ್ಲ. ಎಲ್ರಿಗೂ ಮೊದ್ಲೇ ಎಲ್ಲಾ ಗೊತ್ತಿತ್ತಲ್ಲ, ದಾರಿ ಬಿಟ್ಟು ನಿಂತ್ಕೊಂಡ್ರು. ಆ ಏರಿನ ಮೇಲೆ ಒಬ್ಳೇ ನಿಂತಿದ್ದೆ. ಎಲೆ ಮೇಲೆ ಹನಿ ಬೀಳೋದು... ಅಬ್ಬಾ. ಈಗ ಯಾರ ದನೀನೂ ಬೇಡ ಅನ್ನಿಸ್ತಿದೆ."

"ಆದ್ರೆ ಒಂದು ಗಂಟೆ..."

"ಅದೆಲ್ಲ ಬಿಡಿ. ಮುಂದಿನ ಭಾನುವಾರಾನೂ ನಾನು ಹೋಗ್ತೀನಿ. ಒಬ್ಳೇ. ನೀವು ಮನೇಲಿರಿ, ಅಮ್ಮ ಒಂದು ತಿಂಗಳು ಇಲ್ಲೇ ಇರ್ತಾಳೆ."

ಒಳಗೆ ಹೋಗಿ ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಸಣ್ಣತಾಯಮ್ಮ ಚಾಪೆ ಹಾಸಿ, ಎಲೆಅಡಿಕೆಯ ಚೀಲ ಬಿಚ್ಚಿ, ಸುಣ್ಣ ಸವರುತ್ತ ಪಕ್ಕದ ಜಾಗ ತಟ್ಟಿ ತೋರಿಸಿದರು.

"ಕೂತ್ಕಳ್ಳಿ ಅಳಿಯಂದ್ರೆ. ಯಾಕ್ ಮುನಿಸ್ಕಂಡಿದ್ರಿ? ಮದ್ವೆ ಆದ್ ದಿನದಿಂದ ಯೋಳ್ಕಂಡ್ ಬನ್ನಿ. ನಂಗೇನೂ ಆತ್ರ ಇಲ್ಲ."