ದೋಣಿ ಅಜ್ಜನನ್ನು ನಾನು ಕೊಂದದ್ದು ಮತ್ತು ಇತರ ತಿದ್ದುಪಡಿಗಳು

ನಾಲ್ಕು ಜನ ಸೇರಿ ಒಂದು ಬೇಲಿ ಹಾಕಿದರೂ ಮಾತಿಗೆ ಮಾತು ಬರುತ್ತದೆ. ಹಾಗಿರುವಾಗ ನಾಲ್ಕು ಜನ ಸೇರಿ ವಿಶ್ವಕೋಶ ಬರೆಯಲು ಹೊರಟರೆ ಏನಾದರೊಂದು ಆಗುತ್ತಲೇ ಇರುತ್ತದೆ. ನಮಗೂ ಆಗುತ್ತಲೇ ಇದೆ.

ಇದು ಅಂತರ್ಜಾಲದ ವಿಶ್ವಕೋಶ. ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು, ಸಂಬಳ ಯಾರಿಗೂ ಇಲ್ಲ. ಪುತ್ತೂರು, ಸುಳ್ಯ, ಕಡಬದ ವಿಷಯಗಳೂ ಅದರಲ್ಲಿ ಇರಲಿ ಎಂದು ನಾವು ನಾಲ್ವರು ತಿಂಗಳಿಗೊಂದು ಭಾನುವಾರ ಪುತ್ತೂರಿನ ಒಂದು ಮೊಬೈಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಅಂಗಡಿಯ ಯಜಮಾನರು, ನಾವು ಬ್ಯಾರಿಗಳು ಎಂದು ಕರೆಯುವ ಮುಸ್ಲಿಂ ವ್ಯಾಪಾರಿ, ಒಬ್ಬರು. ಮಂಡೆಕೋಲಿನಿಂದ ಬರುವ ಹೈಸ್ಕೂಲ್ ಟೀಚರ್ ಒಬ್ಬರು. ಕಡಬದ ಆಚೆ ರಬ್ಬರ್ ತೋಟವಿರುವ, ನಾವು ಚೇಟ (ಮಲಯಾಳದಲ್ಲಿ ಅಣ್ಣ) ಎಂದು ಕರೆಯುವವರು ಒಬ್ಬರು. ಅವರದು ಅಜ್ಜನ ಕಾಲದಲ್ಲಿ ಕೇರಳದಿಂದ ಬಂದ ಕುಟುಂಬ, ಮನೆಯಲ್ಲಿ ಮಲಯಾಳ, ಪೇಟೆಯಲ್ಲಿ ತುಳು, ನಮ್ಮ ಜತೆ ಕನ್ನಡ. ನಾಲ್ಕನೆಯವನು ನಾನು, ದಸ್ತಾವೇಜು ಬರಹಗಾರ. ಮೂವತ್ತು ವರ್ಷ ಕ್ರಯಪತ್ರ, ವಿಭಾಗಪತ್ರ ಬರೆದ ಕೈ ನನ್ನದು. ಆ ಕೈಯೇ ಮುಂದೆ ಒಬ್ಬರ ಜೀವ ತೆಗೆಯಿತು. ಅದನ್ನು ಕೊನೆಗೆ ಹೇಳುತ್ತೇನೆ, ಈಗಲೇ ಹೇಳಿದರೆ ಉಳಿದದ್ದನ್ನು ಯಾರೂ ಓದುವುದಿಲ್ಲ.

೧. ಚಕ್ಕುಬಂದಿ

ನನ್ನ ಮೊದಲ ಲೇಖನ ನಮ್ಮ ಊರು ಬೆಟ್ಟಂಪಾಡಿಯ ಬಗ್ಗೆ. ಬರೆಯಲು ಕೂತರೆ ಅಭ್ಯಾಸ ಬಿಡಬೇಕಲ್ಲ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆದೆ. "ಈ ಮಧ್ಯೆ ಇರುವ ಗ್ರಾಮ, ಇದರಲ್ಲಿನ ಕಲ್ಲು, ಮರ, ನೀರು, ನಿಧಿ ನಿಕ್ಷೇಪ, ದಾರಿ ಹಕ್ಕು ಸಮೇತ. ಸದರಿ ಗ್ರಾಮದ ಬಗ್ಗೆ ಯಾವ ತಂಟೆ ತಕರಾರೂ ಇರುವುದಿಲ್ಲ" ಎಂದು ಮುಗಿಸಿದೆ.

ಮರುದಿನ ಲೇಖನದ ತಲೆಯ ಮೇಲೆ 'ಆಧಾರ ಬೇಕು' ಎಂಬ ಪಟ್ಟಿ ಬಿದ್ದಿತ್ತು. ಹಾಕಿದವರು ನಿರ್ವಾಹಕರು, ಅಂದರೆ ನಮ್ಮೆಲ್ಲರ ಬರಹದ ಮೇಲೆ ಕಣ್ಣಿಡುವವರು. ಎಲ್ಲಿಯವರೋ, ಹೇಗಿದ್ದಾರೋ, ನಾವು ನೋಡಿಲ್ಲ. ಕೇಳಿದ್ದು ನ್ಯಾಯವೇ ಎನಿಸಿತು. ಲೇಖನದ ಕೊನೆಗೆ 'ಸಾಕ್ಷಿಗಳು' ಎಂದು ಬರೆದು ಚೇಟನ ಮತ್ತು ಬ್ಯಾರಿಗಳ ಹೆಸರು, ತಂದೆಯ ಹೆಸರು, ವಾಸಸ್ಥಳ ಹಾಕಿದೆ.

"ವಿಶ್ವಕೋಶಕ್ಕೆ ಸಾಕ್ಷಿ ಬೇಡ, ಅಚ್ಚಾದ ಆಧಾರ ಬೇಕು" ಎಂದು ನಿರ್ವಾಹಕರು ಎರಡೂ ಹೆಸರು ಅಳಿಸಿದರು. ಬ್ಯಾರಿಗಳಿಗೆ ತುಂಬ ಬೇಸರವಾಯಿತು.

"ನನ್ನ ಸಾಕ್ಷಿ ಆಗುದಿಲ್ಲ ಅಂತ ಹೇಳಿದವರು ಇಷ್ಟರವರೆಗೆ ಯಾರೂ ಇಲ್ಲ ಮಾರಾಯ್ರೆ. ಮೂರು ನಿಖಾ ನನ್ನ ಸಾಕ್ಷಿಯಲ್ಲಿ ಆಗಿದೆ. ಮೂರೂ ಇನ್ನೂ ಗಟ್ಟಿ ಉಂಟು."

೨. ಒಂದೇ ಬೆಂಚು

ಮರಗೆಣಸಿನ ಲೇಖನಕ್ಕೆ ಚೇಟ ಒಂದು ವಾಕ್ಯ ಸೇರಿಸಿದರು: ನಮ್ಮ ಕಡೆಗೆ ಮರಗೆಣಸು ಬಂದದ್ದು ಕೇರಳದಿಂದ ಬಂದ ಕುಟುಂಬಗಳ ಜತೆಗೆ. ಟೀಚರ್ ಅದನ್ನು ಅಳಿಸಿದರು, ಮಂಡೆಕೋಲಿನಲ್ಲಿ ಅದಕ್ಕೂ ಮೊದಲೇ ಇತ್ತಂತೆ. ಚೇಟ ಪುನಃ ಹಾಕಿದರು, ಟೀಚರ್ ಪುನಃ ತೆಗೆದರು.

ನಮ್ಮಲ್ಲಿ ಪ್ರತಿ ಲೇಖನಕ್ಕೂ ಒಂದು ಚರ್ಚಾಪುಟ ಇರುತ್ತದೆ. ತಕರಾರಿದ್ದರೆ ಅಲ್ಲಿ ಬರೆದು ತೀರಿಸಿಕೊಳ್ಳಬೇಕೆಂದು ನಿಯಮ. ನಿಯಮವೆಂದರೆ ಟೀಚರಿಗೆ ಪ್ರಾಣ. ಹಾಗಾಗಿ ಇಬ್ಬರೂ ಒಂದೇ ಬೆಂಚಿನಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು, ಒಂದಕ್ಷರ ಮಾತಾಡದೆ ಲ್ಯಾಪ್‌ಟಾಪ್ ಕುಟ್ಟುತ್ತಿದ್ದರು. "ಮಾನ್ಯ ಸದಸ್ಯರು ತಮ್ಮ ಅಜ್ಜನನ್ನು ಆಧಾರವಾಗಿ ಕೊಡುವುದು ಸರಿಯಲ್ಲ" ಎಂದು ಟೀಚರ್ ಬರೆದರು. "ಮಾನ್ಯ ಸದಸ್ಯೆ ನನ್ನ ಅಜ್ಜನ ತನಕ ಹೋಗಬಾರದು" ಎಂದು ಚೇಟ ಉತ್ತರ ಬರೆದರು. ನಡುವೆ ಚೇಟ ತಂದಿದ್ದ ಮರಗೆಣಸಿನ ಚಿಪ್ಸನ್ನು ಟೀಚರ್ ತಿನ್ನುತ್ತಲೂ ಇದ್ದರು.

ಅಷ್ಟರಲ್ಲಿ ಕರೆಂಟು ಹೋಯಿತು, ಜತೆಗೆ ನೆಟ್ಟೂ ಹೋಯಿತು. ಬೇರೆ ದಾರಿಯಿಲ್ಲದೆ ಟೀಚರ್ ಬಾಯಿ ತೆರೆದರು. "ಅಲ್ಲ ಅಣ್ಣ, ಎರಡೂ ಕಡೆಯಿಂದ ಬಂದಿರಬಹುದಲ್ವಾ?"

"ಅದೇ ಟೀಚರೇ, ಬಂದಿರಬಹುದು" ಎಂದರು ಚೇಟ. ಎರಡು ತಿಂಗಳ ಜಗಳ ಎರಡು ನಿಮಿಷದಲ್ಲಿ ಮುಗಿಯಿತು.

ಕರೆಂಟು ಬಂತು. ಹತ್ತು ನಿಮಿಷ ಕಾದರೂ ಇಬ್ಬರೂ ಏನೂ ಬರೆಯಲಿಲ್ಲ. "ಎಂತ, ಒಪ್ಪಿಗೆ ಆಯ್ತಲ್ಲ?" ಎಂದು ಕೇಳಿದೆ.

"ಚರ್ಚಾಪುಟದಲ್ಲಿ ಆಗ್ಲಿಲ್ಲ" ಎಂದರು ಟೀಚರ್. "ಬಾಯಿಯಲ್ಲಿ ಆದದ್ದು ಲೆಕ್ಕಕ್ಕಿಲ್ಲ."

ಆ ಚರ್ಚೆ ಈಗಲೂ ನಡೆಯುತ್ತಿದೆ. ಚಿಪ್ಸ್ ಈಗಲೂ ಚೇಟನೇ ತರುತ್ತಾರೆ.

೩. ಬೋರ್ಡು

ಬ್ಯಾರಿಗಳ ಕೆಲಸ ಫೋಟೋ ಏರಿಸುವುದು. ಬಸ್ಸಿನ ಲೇಖನಕ್ಕೆ ಬಸ್ಸು, ಛತ್ರಿಯ ಲೇಖನಕ್ಕೆ ಛತ್ರಿ, ಮಳೆಯ ಲೇಖನಕ್ಕೆ ಮಳೆ. ಎಲ್ಲದರ ಹಿಂದೆ ಅವರ ಅಂಗಡಿಯ ಬೋರ್ಡು ಫೋನ್ ನಂಬರಿನ ಸಮೇತ ಓದುವ ಹಾಗೆ ಬಂದಿರುತ್ತಿತ್ತು. ಇದು ಜಾಹೀರಾತು ಎಂದು ನಿರ್ವಾಹಕರು ಆಕ್ಷೇಪ ಎತ್ತಿದರು.

"ನಾನು ಅಂಗಡಿ ಬಿಟ್ಟು ಎಲ್ಲಿಗೆ ಹೋಗುದು?" ಎಂದು ಬ್ಯಾರಿಗಳು ಕೇಳಿದರು. "ಲೋಕ ನಮ್ಮ ಅಂಗಡಿಯ ಎದುರಿನಿಂದ ಹೋಗ್ತದೆ, ನಾನು ತೆಗೀತೇನೆ."

ಕೊನೆಗೆ ಬೋರ್ಡು ಬೀಳದ ಹಾಗೆ ಮರಕಪ್ಪೆಯ ಒಂದು ಫೋಟೋ ತೆಗೆದರು. ಬಹಳ ಚೆಂದದ ಫೋಟೋ, ನಿರ್ವಾಹಕರೂ ಮೆಚ್ಚಿ ಬರೆದರು. ಟೀಚರ್ ಮಾತ್ರ ದೊಡ್ಡದು ಮಾಡಿ ನೋಡಿದರು. ಕಪ್ಪೆ ಕೂತಿದ್ದದ್ದು ಅಂಗಡಿಯ ವಿಸಿಟಿಂಗ್ ಕಾರ್ಡಿನ ಮೇಲೆ.

೪. ಗಂಧದ ಹಾರ

ಇನ್ನು ನನ್ನ ಕೊಲೆಯ ವಿಷಯ.

ಇಚಿಲಂಪಾಡಿ ಕಡೆಯ ಒಂದು ಕಾಲುಸೇತುವೆಯ ಬಗ್ಗೆ ಬರೆಯಲು ಹೋಗಿದ್ದೆ. ಸೇತುವೆ ಆಗುವ ಮೊದಲು ಅಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದವರು ಒಬ್ಬ ದೋಣಿ ಅಜ್ಜ. ಸೇತುವೆಯ ಬುಡದ ಚಾ ಹೋಟೆಲಿನ ಗೋಡೆಯಲ್ಲಿ ಅವರ ಫೋಟೋ ಇತ್ತು, ಫೋಟೋಕ್ಕೆ ಗಂಧದ ಹಾರ ಇತ್ತು. ಗೋಡೆಯ ಫೋಟೋಕ್ಕೆ ಗಂಧದ ಹಾರ ಬಿದ್ದರೆ ನಮ್ಮ ಊರಲ್ಲಿ ಮತ್ತೆ ಏನೂ ಕೇಳಲಿಕ್ಕಿಲ್ಲ. ನಾನೂ ಕೇಳಲಿಲ್ಲ. ಮೇಲಾಗಿ ವಿಭಾಗಪತ್ರ ಬರೆದು ಬರೆದು, ಹಿರಿಯರ ಹೆಸರು ಕಂಡರೆ ಮುಂದೆ 'ದಿವಂಗತ' ಎಂದು ತಾನಾಗಿ ಬರೆಯುವ ಕೈ ನನ್ನದು. ಹಾಗೆಯೇ ಬರೆದೆ.

ಕೆಲವು ತಿಂಗಳ ಮೇಲೆ ಫೋನ್ ಬಂತು. "ದಸ್ತಾವೇಜಿನವರಾ?"

"ಹೌದು, ಯಾರು ಮಾತಾಡುದು?"

"ನೀವು ದಿವಂಗತ ಮಾಡಿದ ಜನ."

ಅಜ್ಜ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಮೂವತ್ತು ವರ್ಷ ನಾನು ಒಬ್ಬನನ್ನೂ ಮುಳುಗಿಸ್ಲಿಲ್ಲ ಮಾರಾಯ್ರೆ. ನೀವು ಕೂತಲ್ಲಿಂದಲೇ ನನ್ನನ್ನು ಮುಳುಗಿಸಿದ್ರಲ್ಲ. ತಂಗಿಯ ಮಗ ಅದನ್ನು ಓದಿ ಮಸ್ಕತ್ತಿನಿಂದ ಫೋನ್ ಮಾಡಿದ. ಫೋನ್ ಎತ್ತಿದ್ದು ನಾನು. ಹೆದರಿ ಇಟ್ಟುಬಿಟ್ಟ."

ನನಗೆ ನಾಚಿಕೆಯಾಯಿತು. ಆದರೂ ಆ ಹಾರ ಏಕೆಂದು ಕೇಳದಿರಲು ಆಗಲಿಲ್ಲ.

"ಸೇತುವೆ ಆದ ದಿನ ನನಗೆ ಸನ್ಮಾನ ಮಾಡಿದ ಹಾರ. ಮನೆಯಲ್ಲಿ ಇಟ್ಟರೆ ಇಲಿ ಕಡೀತದೆ ಅಂತ ನಾನೇ ಹೋಗಿ ಫೋಟೋಕ್ಕೆ ಹಾಕಿದ್ದು. ಸತ್ತ ಮೇಲೆ ಹಾಕುವವರು ಹಾಕ್ತಾರೋ ಇಲ್ವೋ."

ವಾರದೊಳಗೆ ಬದುಕಿಸುತ್ತೇನೆ ಅಜ್ಜ ಎಂದು ಮಾತು ಕೊಟ್ಟೆ.

೫. ಬದುಕಿರುವುದಕ್ಕೆ ಆಧಾರ

ಅಂದೇ 'ದಿವಂಗತ' ತೆಗೆದೆ. ಸಂಜೆಗೆ ಅದು ಪುನಃ ಬಂದು ಕೂತಿತ್ತು. ಆದದ್ದೇನೆಂದರೆ, ನನ್ನ ಲೇಖನ ನೋಡಿ ಒಂದು ಪತ್ರಿಕೆಯವರು ಹಳೆಯ ದೋಣಿಗಳ ಬಗ್ಗೆ ಬರೆದಿದ್ದರು, ಅಲ್ಲೂ ಅಜ್ಜ ದಿವಂಗತರೇ. ನಮ್ಮ ಟೀಚರ್ ಆ ಪತ್ರಿಕೆಯನ್ನು ಶ್ರದ್ಧೆಯಿಂದ ನನ್ನ ಲೇಖನಕ್ಕೆ ಆಧಾರವಾಗಿ ಸೇರಿಸಿದ್ದರು. ನನ್ನ ಸುಳ್ಳು ಪೇಟೆಗೆ ಹೋಗಿ ಅಚ್ಚಾಗಿ ನಿಜವಾಗಿ ಮನೆಗೆ ಬಂದಿತ್ತು.

"ಸತ್ತದ್ದಕ್ಕೆ ಅಚ್ಚಾದ ಆಧಾರ ಇದೆ. ಬದುಕಿರುವುದಕ್ಕೆ ಏನಿದೆ?" ಎಂದು ನಿರ್ವಾಹಕರು ಕೇಳಿದರು.

"ನಾನೇ ಫೋನಿನಲ್ಲಿ ಮಾತಾಡಿದ್ದೇನೆ" ಎಂದು ಬರೆದೆ. ಅದು ಸ್ವಂತ ಸಂಶೋಧನೆ, ನಡೆಯುವುದಿಲ್ಲ ಎಂದರು.

ನನ್ನ ವಿದ್ಯೆ ಇನ್ನು ಯಾವಾಗ ಉಪಯೋಗಕ್ಕೆ? ಅಜ್ಜನ ಮನೆಗೆ ಹೋಗಿ ಅಫಿಡವಿತ್ ಮಾಡಿಸಿದೆ. "ನಾನು ಈ ದಿನ ಜೀವಂತ ಇರುತ್ತೇನೆಂದು ಸತ್ಯಪೂರ್ವಕ ಹೇಳುತ್ತೇನೆ" ಎಂದು ಬರೆದು ಹೆಬ್ಬೆಟ್ಟು ಒತ್ತಿಸಿ ಏರಿಸಿದೆ. ನಿರ್ವಾಹಕರ ಉತ್ತರ ಬಂತು: "ತಾನು ಬದುಕಿದ್ದೇನೆಂದು ವ್ಯಕ್ತಿಯೇ ಹೇಳಿಕೊಳ್ಳುವುದು ತಟಸ್ಥ ಮೂಲವಲ್ಲ."

ಟೀಚರ್ ನನ್ನ ಪರ ನಿಲ್ಲಬಹುದು ಎಂದುಕೊಂಡಿದ್ದೆ. "ಪಾಪ ಅಜ್ಜ. ಆದರೆ ನಿಯಮ ನಿಯಮವೇ ಅಣ್ಣ" ಎಂದರು.

ಊರಿನ ವರದಿಗಾರರ ಕಾಲು ಹಿಡಿದೆ, ಅಜ್ಜ ಬದುಕಿದ್ದಾರೆ ಎಂದು ನಾಲ್ಕು ಸಾಲು ಹಾಕಿ ಎಂದೆ. ಅವರು ತಲೆ ಕೆರೆದುಕೊಂಡರು. "ಸತ್ತರೆ ಸುದ್ದಿ. ಬದುಕಿದ್ದಾರೆ ಅಂತ ಹೇಗೆ ಹಾಕುದು ಮಾರಾಯ್ರೆ? ಊರಿಡೀ ಬದುಕಿದ್ದಾರೆ."

೬. ಒಂದು ನಿಮಿಷ ಮೌನ

ಕೊಟ್ಟ ವಾರ ಕಳೆದು ಮೂರು ತಿಂಗಳಾಯಿತು. ಅಷ್ಟರಲ್ಲಿ ದೂರದ ಪೇಟೆಯ ಒಂದು ಸಂಘದವರು ಹೊಳೆ ಉಳಿಸುವ ಕಾರ್ಯಕ್ರಮವನ್ನು ಅದೇ ಸೇತುವೆಯ ಬಳಿ ಇಟ್ಟರು. ನಮ್ಮ ಜಿಲ್ಲೆಯಲ್ಲಿ ಯಾವ ಸಭೆಯಾದರೂ ವೇದಿಕೆಗೆ ತೀರಿಹೋದವರ ಹೆಸರಿಡುವ ಪದ್ಧತಿ. ಅವರು ವಿಶ್ವಕೋಶ ನೋಡಿ ಹೆಸರು ಆರಿಸಿದ್ದರು. ನಾನೂ ಅಜ್ಜನೂ ಹೋಗಿ ನೋಡುತ್ತೇವೆ, ಬ್ಯಾನರಿನಲ್ಲಿ ಅಜ್ಜನ ಫೋಟೋ, ಮೇಲೆ 'ದಿವಂಗತ ದೋಣಿ ಅಜ್ಜ ವೇದಿಕೆ'. ಫೋಟೋ ನಾನು ಏರಿಸಿದ್ದು, ಹಾರದ ಸಮೇತ.

ನಾನು ಓಡಿ ಹೋಗಿ ಹೇಳಬೇಕೆನ್ನುವಷ್ಟರಲ್ಲಿ ಕಾರ್ಯಕ್ರಮ ಶುರುವಾಯಿತು. ಅಗಲಿದ ಹಿರಿಯರಿಗೆ ಒಂದು ನಿಮಿಷ ಮೌನ ಎಂದರು. ಎಲ್ಲರೂ ಎದ್ದರು. ಪಕ್ಕಕ್ಕೆ ನೋಡಿದರೆ ಅಜ್ಜನೂ ಎದ್ದು, ಕೈ ಮುಗಿದು, ಕಣ್ಣು ಮುಚ್ಚಿ ನಿಂತಿದ್ದರು.

"ಅಜ್ಜ, ಇದು ನಿಮಗೇ" ಎಂದು ಪಿಸುಗುಟ್ಟಿದೆ.

"ಗೊತ್ತುಂಟು. ಎಲ್ಲರೂ ನಿಂತಿರುವಾಗ ನಾನೊಬ್ಬ ಕೂತರೆ ಮರ್ಯಾದೆಯಾ?"

ನಂತರ ನಿರೂಪಕರು ಶಾಲು ಹಿಡಿದು ಮೈಕಿನಲ್ಲಿ ಕರೆದರು, ದಿವಂಗತರ ಕುಟುಂಬದವರು ಯಾರಾದರೂ ಇದ್ದರೆ ವೇದಿಕೆಗೆ ಬರಬೇಕು. ಅಜ್ಜ ಪಂಚೆ ಸರಿಮಾಡಿ ನಿಧಾನಕ್ಕೆ ಮೆಟ್ಟಿಲು ಹತ್ತಿದರು. ನಿರೂಪಕರು ಮೈಕನ್ನು ಅವರ ಬಾಯಿಯ ಬಳಿ ಹಿಡಿದು, "ನೀವು ಅವರಿಗೆ ಎಂತ ಆಗಬೇಕು?" ಎಂದು ಕೇಳಿದರು.

"ನಾನೇ ಆಗಬೇಕು" ಎಂದರು ಅಜ್ಜ.

ಊರಿನವರು ಬಿದ್ದು ಬಿದ್ದು ನಕ್ಕರು. ಸಂಘದವರಿಗೆ ಮಾತ್ರ ನಗಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ವರದಿಗಾರರು ಅಲ್ಲೇ ಇದ್ದರು. ಈಗ ಅದು ಸುದ್ದಿ. ಮರುದಿನ ಪತ್ರಿಕೆಯಲ್ಲಿ 'ತನ್ನದೇ ಮೌನ ಪ್ರಾರ್ಥನೆಗೆ ಎದ್ದು ನಿಂತ ಅಜ್ಜ' ಎಂದು ಫೋಟೋ ಸಮೇತ ಬಂತು. ಟೀಚರ್ ತಾವೇ ಅದನ್ನು ಆಧಾರವಾಗಿ ಸೇರಿಸಿ 'ದಿವಂಗತ' ತೆಗೆದರು. ನಿರ್ವಾಹಕರೂ ಈ ಸಲ ಅದನ್ನು ಹಾಗೇ ಬಿಟ್ಟರು.

ಮುಂದಿನ ಭಾನುವಾರ ಚಾ ಹೋಟೆಲಿಗೆ ಹೋಗಿ ಅಜ್ಜನಿಗೆ ಮೊಬೈಲಿನಲ್ಲಿ ತೋರಿಸಿದೆ. ಮೂರು ತಿಂಗಳಿನಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಗಿತ್ತು. ಅಜ್ಜ ಕನ್ನಡಕ ಹಾಕಿ ನೋಡಿದರು. ತಮ್ಮ ಹೆಸರಿನ ಪಕ್ಕದ ಸಣ್ಣ ಅಂಕಿಯನ್ನು ತೋರಿಸಿ ಎಂತ ಅದು ಎಂದು ಕೇಳಿದರು.

"ನೀವು ಬದುಕಿದ್ದೀರಿ ಅನ್ನುದಕ್ಕೆ ಆಧಾರ ಅಜ್ಜ. ಪೇಪರಿನಲ್ಲಿ ಬಂತಲ್ಲ, ಅದು."

"ಇನ್ನು ಇದನ್ನು ಯಾರೂ ತೆಗೀಲಿಕ್ಕೆ ಆಗುದಿಲ್ವಾ?"

"ಇಲ್ಲ. ನೀವು ತೀರಿಹೋದಿರಿ ಅಂತ ಪೇಪರಿನಲ್ಲಿ ಬಂದರೆ ಮಾತ್ರ."

"ಬಾರದಿದ್ದರೆ?"

"ಬಾರದಿದ್ದರೆ ಬದುಕಿದ್ದ ಹಾಗೇ ಲೆಕ್ಕ."

ಅಜ್ಜ ಚಾ ಪೂರ್ತಿ ಕುಡಿದು ಗ್ಲಾಸು ಕೆಳಗಿಟ್ಟರು. ಮತ್ತೆ ಹೋಟೆಲಿನವರ ಕಡೆ ತಿರುಗಿ ಹೇಳಿದರು, "ಕೇಳಿದೆಯಲ್ಲ? ನನಗೆ ನಾಳೆ ಎಂತ ಆದರೂ ಪೇಪರಿನವರಿಗೆ ಹೇಳ್ಲಿಕ್ಕಿಲ್ಲ."